ಕೇಜ್ ಕಾಯುವುದು ಒಳಗಿದ್ದವರನ್ನು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರ ತಿಂಗಳ ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಗಲ್ಫಿಗೆ ಹೋಗಿ ಬಂದವರು ಕೈ ಎತ್ತಿ ಎಂದರೆ ಇಲ್ಲಿ ಅರ್ಧ ಸಭೆ ಕೈ ಎತ್ತುತ್ತದೆ. ಉಳಿದರ್ಧದವರ ಮನೆಯಲ್ಲಿ ಒಬ್ಬರಾದರೂ ಅಲ್ಲಿರುತ್ತಾರೆ. ಹಾಗಾಗಿ ಬಗ್ಗಿ ಅಂದರೆ ಏನೆಂದು ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಶಾರ್ಜಾದ ಬದಾಯರ್ ಮರುಭೂಮಿಯಲ್ಲಿ, ಹತ್ತಾಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಅದೇ. ನಾಲ್ಕು ದಪ್ಪ ಚಕ್ರ, ಕಾರಿನ ಹಾಗೆ ಸ್ಟಿಯರಿಂಗ್, ಅಕ್ಕಪಕ್ಕ ಎರಡು ಸೀಟು, ಮೇಲೆ ಉಕ್ಕಿನ ಪೈಪಿನ ಗೂಡು. ಕಂಪನಿಯವರು ಇದನ್ನು ಸೈಡ್ ಬೈ ಸೈಡ್ ಅನ್ನುತ್ತಾರೆ, ಮೇಲಿನ ಗೂಡನ್ನು ಕೇಜ್ ಅನ್ನುತ್ತಾರೆ. ಬೈಕಿನ ಹಾಗೆ ಕಾಲು ಹಾಕಿ ಕೂರುವ ಕ್ವಾಡ್ ಬೇರೆ, ಇದು ಬೇರೆ. ಅಂಥದೊಂದು ಬಾಡಿಗೆ ಯಾರ್ಡಿನಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಗಿರಾಕಿ ಹೆಚ್ಚಾದ ದಿನ ಗೈಡ್ ಆಗಿಯೂ ಮುಂದೆ ಹೋಗುತ್ತಿದ್ದೆ. ಈಗ ಮುಳ್ಳೇರಿಯದ ಹತ್ತಿರ ನನ್ನದೇ ವರ್ಕ್‌ಶಾಪ್ ಇದೆ. ರಿಸಾರ್ಟ್ ಮಾಡುವ ಅಂದಾಜಿನಲ್ಲಿರುವವರು, ದೊಡ್ಡ ತೋಟ ಇರುವವರು ಬಂದು, ಸೆಕೆಂಡ್ ಹ್ಯಾಂಡ್ ಬಗ್ಗಿ ತಂದರೆ ಹೇಗೆ ಎಂದು ಕೇಳುತ್ತಾರೆ. ಈ ಮಾತಿಗೆ ಒಪ್ಪಿಕೊಂಡದ್ದೂ ಅದಕ್ಕೇ.

ಯಾರ್ಡಿಗೆ ಬರುತ್ತಿದ್ದ ನಮ್ಮ ಊರಿನ ಹುಡುಗರಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಇವರೆಲ್ಲ ಬೈಕಿನಲ್ಲಿ ಪಳಗಿದವರು. ಬೈಕು ವಾಲಿದರೆ ಕಾಲು ತಾನಾಗಿಯೇ ನೆಲಕ್ಕೆ ಹೋಗುತ್ತದೆ. ನೂರೈವತ್ತು ಕೆ.ಜಿ. ತೂಕದ ಬೈಕಿಗೆ ಅದು ಸರಿ. ಬಗ್ಗಿ ಆರೇಳು ನೂರು ಕೆ.ಜಿ. ತೂಗುತ್ತದೆ. ಅದು ವಾಲಿತು ಎಂದಾಗ ಬೈಕಿನವನ ಕಾಲು ಅದೇ ರೀತಿ ಹೊರಗೆ ಹೋದರೆ, ಮೇಲಿನಿಂದ ಬರುವ ಪೈಪು ಸರಿಯಾಗಿ ಅದರ ಮೇಲೆಯೇ ಕೂರುತ್ತದೆ. ಇನ್ನು ಜೀಪಿನವರ ಅಭ್ಯಾಸವೇ ಬೇರೆ. ಹಿಂದಿನ ಪಟ್ಟಿಯ ಮೇಲೆ ನಿಂತು ನೇತಾಡಿಕೊಂಡು ಪೇಟೆಗೆ ಹೋಗಿಬಂದ ತಲೆಮಾರು ನಮ್ಮದು. ಅವರ ಕೈ ಕೂತ ಕೂಡಲೇ ಮೇಲಿನ ಪೈಪಿಗೆ ಹೋಗುತ್ತದೆ, ಹಿಡಿದುಕೊಳ್ಳಲು ಚೆಂದ ಇದೆ ಎಂದು. ಮಗುಚಿದಾಗ ನೆಲಕ್ಕೆ ಮೊದಲು ತಾಗುವುದೇ ಆ ಪೈಪು. ಪೈಪಿಗೂ ನೆಲಕ್ಕೂ ನಡುವೆ ಸಿಕ್ಕುವುದು ನಾಲ್ಕು ಬೆರಳು.

ಆದ್ದರಿಂದ ಹತ್ತುವ ಮೊದಲೇ ಕೈಗೆ ಒಂದು ಜಾಗ ಗೊತ್ತು ಮಾಡಿಕೊಡಬೇಕು. ಪಕ್ಕದಲ್ಲಿ ಕೂತವರಿಗೆ ಎದುರಿಗೇ ಒಂದು ಹಿಡಿ ಇರುತ್ತದೆ, ಎರಡೂ ಕೈ ಅಲ್ಲಿ. ಓಡಿಸುವವರ ಎರಡೂ ಕೈ ಸ್ಟಿಯರಿಂಗಿನಲ್ಲಿ, ಹೆಬ್ಬೆರಳು ಮಾತ್ರ ಸ್ಟಿಯರಿಂಗಿನ ಒಳಗೆ ಸಿಕ್ಕಿಸದೆ ಮೇಲೆ ಇಡಬೇಕು. ಮುಂದಿನ ಚಕ್ರ ಕಲ್ಲಿಗೆ ಬಡಿದು ಸ್ಟಿಯರಿಂಗ್ ಗಕ್ಕನೆ ತಿರುಗಿದರೆ, ಒಳಗಿದ್ದ ಹೆಬ್ಬೆರಳು ಮುರಿಯುತ್ತದೆ. ಕಾಲು ಯಾವಾಗಲೂ ಒಳಗೆ, ಪಾದ ನೆಲಕ್ಕೆ ಊರಿ. ವಾಲಿದ ಮೇಲೆ ಯೋಚಿಸಿದರಾಯಿತು ಎನ್ನುವವರಿಗೆ ಹೇಳುತ್ತೇನೆ, ಆಗ ಯೋಚಿಸುವಷ್ಟು ಪುರುಸೊತ್ತು ಸಿಗುವುದಿಲ್ಲ. ಬೈಕಿನಲ್ಲಾದರೆ, ಕ್ವಾಡಿನಲ್ಲಾದರೂ, ಮೈ ವಾಲಿಸಿ ಸಮತೋಲ ಮಾಡಬಹುದು. ಇಲ್ಲಿ ಮೈಯನ್ನು ಸೀಟಿಗೆ ಕಟ್ಟಿಕೊಂಡು ಕೂರುತ್ತೇವೆ. ಕಟ್ಟಿಕೊಂಡೇ ಇರಬೇಕು, ಈ ಗಾಡಿಯ ಲೆಕ್ಕಾಚಾರ ನಿಂತಿರುವುದೇ ಅದರ ಮೇಲೆ. ಬೆಲ್ಟ್ ಇಲ್ಲದವನನ್ನು ಗಾಡಿ ಹೊರಕ್ಕೆ ಎಸೆಯುತ್ತದೆ. ಆಮೇಲೆ ಅವನನ್ನು ಕಾಯಬೇಕಾದ ಕೇಜೇ ಅವನ ಮೇಲೆ ಬೀಳುತ್ತದೆ.

ಮಗುಚುವುದು ಹಾರಾಟ ಮಾಡುವವರ ಗಾಡಿ, ನಾವು ನಿಧಾನ ಹೋಗುವವರು, ನಮಗೆ ಭಯ ಇಲ್ಲ ಎಂದು ಅನೇಕರಿಗೆ ಇದೆ. ಇದಕ್ಕೆ ಅಮೆರಿಕದ ಒಂದು ಸಂಗತಿ ಹೇಳಬೇಕು. ಯಮಾಹಾ ಕಂಪನಿಯ ರೈನೋ ಎನ್ನುವ ಮಾದರಿ ಅಲ್ಲಿ ಬಹಳ ಓಡುತ್ತಿತ್ತು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 2009ರ ಮಾರ್ಚ್‌ನಲ್ಲಿ ಒಂದು ಪ್ರಕಟಣೆ ಕೊಟ್ಟಿತು. ರೈನೋ 450 ಮತ್ತು 660 ಮಾದರಿಗಳಲ್ಲಿ ಅಷ್ಟರೊಳಗೆ 46 ಮಂದಿ ಸತ್ತಿದ್ದರು. ಆಯೋಗ ನೋಡಿದ ಪ್ರಕರಣಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಗುಚಿ ಆದದ್ದು, ಎಷ್ಟೋ ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಕಿವಿಗೊಟ್ಟು ಕೇಳಬೇಕಾದ ಮಾತು ಇನ್ನೊಂದಿದೆ. ಮಗುಚಿದ್ದರಲ್ಲಿ ಅನೇಕವು ಸಮತಟ್ಟು ನೆಲದಲ್ಲಿ, ಕಡಿಮೆ ವೇಗದಲ್ಲಿ, ತಿರುಗಿಸುವಾಗ ಆದವು. ಗುಡ್ಡ ಇಲ್ಲ, ಹಾರಾಟ ಇಲ್ಲ. ಕಂಪನಿ ಕೊನೆಗೆ ಉಚಿತವಾಗಿ ರಿಪೇರಿ ಮಾಡಿಕೊಟ್ಟಿತು: ಹಿಂದಿನ ಚಕ್ರಗಳಿಗೆ ಸ್ಪೇಸರ್ ಎನ್ನುವ ದಪ್ಪ ಬಿಲ್ಲೆ ಹಾಕಿ ಅಗಲ ಮಾಡಿದರು, ಹಿಂದಿನ ಎರಡು ಚಕ್ರಗಳ ಸಸ್ಪೆನ್ಶನ್ ಜೋಡಿಸುವ ಆ್ಯಂಟಿ ಸ್ವೇ ಬಾರ್ ಎಂಬ ಕಂಬಿ ತೆಗೆದರು, ಇಲ್ಲದ ಗಾಡಿಗಳಿಗೆ ಅರ್ಧ ಬಾಗಿಲು ಮತ್ತು ಹಿಡಿ ಕೂರಿಸಿದರು. ಬಾಗಿಲು ಯಾಕೆ ಗೊತ್ತಲ್ಲ? ಆ ಕಾಲು ಹೊರಗೆ ಹೋಗದ ಹಾಗೆ. ಅಲ್ಲಿಯವರ ಕಾಲಿಗೂ ನಮ್ಮ ಕಾಲಿಗೂ ಅಂಥ ವ್ಯತ್ಯಾಸ ಏನೂ ಇಲ್ಲ.

ಸಮತಟ್ಟು ನೆಲದಲ್ಲಿ ಯಾಕೆ ಮಗುಚುತ್ತದೆ? ಈ ಗಾಡಿ ಕಲ್ಲುಮುಳ್ಳು ದಾಟಲಿ ಎಂದು ಹೊಟ್ಟೆ ನೆಲದಿಂದ ಮೇಲೆ ಇಟ್ಟಿರುತ್ತಾರೆ. ಭಾರ ಮೇಲಾಯಿತು. ಕಿರಿದಾದ ದಾರಿಯಲ್ಲಿ ಹೋಗಲಿ ಎಂದು ಕೆಲವು ಮಾದರಿಗಳ ಅಗಲ ಕಡಿಮೆ. ಟೈರು ಮರಳಿನಲ್ಲಿ, ಸಡಿಲ ಮಣ್ಣಿನಲ್ಲಿ ಅಗೆದು ಹೋಗಲು ಮಾಡಿದ್ದು. ಸಡಿಲ ನೆಲದಲ್ಲಿ ನೀವು ಜೋರಾಗಿ ತಿರುಗಿಸಿದರೆ ಗಾಡಿ ಸ್ವಲ್ಪ ಜಾರುತ್ತದೆ, ಜಾರಿದ್ದರಿಂದಲೇ ಬಚಾವ್. ಗಟ್ಟಿ ನೆಲದಲ್ಲಿ ಟೈರು ಜಾರುವ ಬದಲು ಕಚ್ಚಿ ಹಿಡಿಯುತ್ತದೆ. ಕೆಳಗೆ ಚಕ್ರ ನಿಂತಿತು, ಮೇಲಿನ ಭಾರ ಹೋಗುತ್ತಲೇ ಇದೆ. ಟಾರು ರಸ್ತೆಯಲ್ಲಿ ಓಡಿಸಬೇಡಿ ಎಂದು ಪ್ರತಿಯೊಂದು ಕಂಪನಿಯ ಪುಸ್ತಕದಲ್ಲೂ ಬರೆದಿರುತ್ತಾರೆ, ಕಾನೂನಿಗೆ ಹೆದರಿ ಬರೆದದ್ದಲ್ಲ ಅದು.

ಈಗ ನಮ್ಮ ಪದವುಗಳನ್ನು, ಗುಡ್ಡದ ಮೇಲಿನ ಆ ಬಯಲುಗಳನ್ನು, ನೆನಪು ಮಾಡಿಕೊಳ್ಳಿ. ಮುರಕಲ್ಲಿನ ಪಾರೆ, ಬೇಸಗೆಯಲ್ಲಿ ಟಾರಿಗಿಂತ ಗಟ್ಟಿ. ನೋಡಲು ಏನು ಚೆಂದದ ಮೈದಾನ, ಗಾಡಿ ಬಿಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನಿಸುತ್ತದೆ. ರೈನೋಗಳಲ್ಲಿ ಅನೇಕವು ಮಗುಚಿದ್ದು ಇಂಥ ಸಮತಟ್ಟಿನಲ್ಲಿಯೇ. ಮಳೆ ಹಿಡಿದ ಮೇಲೆ ಅದೇ ಕಲ್ಲಿನ ಮೇಲೆ ಹಾವಸೆ ಬೆಳೆಯುತ್ತದೆ, ಆಗ ಬ್ರೇಕ್ ಹಿಡಿದರೂ ನಿಲ್ಲುವುದಿಲ್ಲ. ಒಂದೇ ಜಾಗ ಆರು ತಿಂಗಳು ಕಚ್ಚುತ್ತದೆ, ಆರು ತಿಂಗಳು ಜಾರುತ್ತದೆ. ಎರಡಕ್ಕೂ ಮದ್ದು ಒಂದೇ: ತಿರುಗಿಸುವ ಮೊದಲು ವೇಗ ಇಳಿಸಿ, ದೊಡ್ಡ ಸುತ್ತಿನಲ್ಲಿ ತಿರುಗಿಸಿ, ತಿರುಗುವಾಗ ಬ್ರೇಕೂ ಬೇಡ, ಆಕ್ಸಿಲರೇಟರ್ ಒತ್ತುವುದೂ ಬೇಡ.

ಪದವಿನಲ್ಲಿ ಇನ್ನೊಂದು ಅಪಾಯ ಇದೆ, ಅದು ಕಾಣದ್ದು. ಕಲ್ಲು ಕಡಿದು ಬಿಟ್ಟ ಕೋರೆಗಳು. ಅಂಚಿನ ತನಕ ಮುಳಿಹುಲ್ಲು ಬೆಳೆದಿರುತ್ತದೆ, ಅಂಚು ಗೋಡೆ ಕಡಿದ ಹಾಗೆ ನೇರ ಇಳಿದಿರುತ್ತದೆ, ಮಳೆಗಾಲದಲ್ಲಿ ಒಳಗೆ ನೀರು ತುಂಬಿರುತ್ತದೆ. ನಡೆದು ಹೋಗುವವನಿಗೆ ನಾಲ್ಕು ಹೆಜ್ಜೆ ಮೊದಲು ಗೊತ್ತಾದೀತು. ಗಾಡಿಯಲ್ಲಿ ತಗ್ಗಿ ಕೂತವನಿಗೆ ಹುಲ್ಲೇ ಕಣ್ಣಿನ ಎತ್ತರಕ್ಕೆ ಬರುತ್ತದೆ. ನೀರಿಗೆಂದು ಗುಡ್ಡ ಕೊರೆದು ತೆಗೆದ ನಮ್ಮ ಸುರಂಗಗಳೂ ಹಾಗೆಯೇ. ಪರವೂರಿನವರು ನೋಡಲು ಬರುವಷ್ಟು ಹೆಸರು ಅವುಗಳಿಗಿದೆ. ಕೆಲವು ಉದ್ದದ ಸುರಂಗಗಳಿಗೆ ಗಾಳಿಗೆಂದು ಮೇಲಿನಿಂದ ಗುಂಡಿ ತೆಗೆದಿರುತ್ತಾರೆ. ಬಳಕೆ ತಪ್ಪಿದ ಮೇಲೆ ಅದರ ಬಾಯಿ ಎಲ್ಲಿದೆ ಎಂದು ಮನೆಯ ಹಿರಿಯರಿಗೆ ಮಾತ್ರ ಗೊತ್ತು. ಹಾಗಾಗಿ ಜಾಗ ಹೊಸತಾದರೆ ಮೊದಲು ನಡೆದು ನೋಡಿ, ಆ ಊರಿನ ಒಬ್ಬರನ್ನು ಕರೆದುಕೊಂಡು. ಅಗಳು, ಅಂದರೆ ಕಂದಕ, ಎಲ್ಲಿದೆ, ಸೋಲಾರ್ ಬೇಲಿಯ ತಂತಿ ಎಲ್ಲಿದೆ, ಹಂದಿ ಬಾರದಂತೆ ಕಟ್ಟಿದ ಹಗ್ಗ ಎಲ್ಲಿದೆ ಅವರಿಗೆ ಗೊತ್ತಿರುತ್ತದೆ. ಕೇಜಿನ ಮುಂಭಾಗ ತೆರೆದಿರುತ್ತದೆ ಎನ್ನುವುದು ಮರೆಯಬೇಡಿ. ತಂತಿ ಕುತ್ತಿಗೆಯ ಮಟ್ಟಕ್ಕೇ ಬರುತ್ತದೆ.

ಮರಳಿನ ಮಾತಿಗೆ ಬರುತ್ತೇನೆ, ವಿಸಿಟ್ ವೀಸಾದಲ್ಲಿ ಹೋಗುವವರಿಗೆ ಬೇಕಾದೀತು. ಮರಳ ದಿಬ್ಬಕ್ಕೆ ಎರಡು ಮುಖ. ಗಾಳಿ ಬಡಿಯುವ ಮುಖ ಇಳಿಜಾರು ಕಡಿಮೆ, ಮರಳು ಸ್ವಲ್ಪ ಬಿಗಿ. ಆಚೆ ಮುಖದಲ್ಲಿ ಮರಳು ಸುರಿದು ನಿಂತಿರುತ್ತದೆ, ಸುಮಾರು 34 ಡಿಗ್ರಿ ಇಳಿಜಾರು, ಕಾಲಿಟ್ಟರೆ ಜರಿಯುತ್ತದೆ. ನೀವು ಈಚೆಯಿಂದ ಜೋರಾಗಿ ಹತ್ತುವಾಗ ಆಚೆ ಏನಿದೆ ಎಂದು ಕಾಣುವುದಿಲ್ಲ. ಇಳಿಜಾರು ಇರಬಹುದು, ಹೂತು ನಿಂತ ಇನ್ನೊಂದು ಗಾಡಿ ಇರಬಹುದು. ಅದಕ್ಕೇ ಪ್ರತಿ ಬಗ್ಗಿಯ ಹಿಂದೆ ಉದ್ದದ ಕೋಲಿಗೆ ಕಿತ್ತಳೆ ಬಣ್ಣದ ಬಾವುಟ ಕಟ್ಟಿರುತ್ತಾರೆ. ಗಾಡಿ ಕಾಣದಿದ್ದರೂ ಬಾವುಟ ದಿಬ್ಬದ ಮೇಲೆ ಕಾಣಲಿ ಎಂದು. ಬಾವುಟ ಇಲ್ಲದ ಗಾಡಿ ಕೊಟ್ಟರೆ ಹತ್ತಬೇಡಿ. ನೆತ್ತಿಗೆ ತಲುಪುವ ಮೊದಲು ವೇಗ ಇಳಿಸಿ ನೋಡಿ ಇಳಿಯಬೇಕು, ಇಳಿಯುವುದು ನೇರ ಕೆಳಕ್ಕೇ. ಅರ್ಧ ಹತ್ತಿದ ಮೇಲೆ ಗಾಡಿ ಸೋತರೆ ಅಡ್ಡ ತಿರುಗಿಸುವುದು ಎಲ್ಲರೂ ಮಾಡುವ ಕೆಲಸ, ಮಗುಚುವುದೂ ಅಲ್ಲಿಯೇ. ಬ್ರೇಕ್ ಹಿಡಿದು ನಿಲ್ಲಿಸಿ, ರಿವರ್ಸ್ ಹಾಕಿ, ಬಂದ ಗೆರೆಯಲ್ಲೇ ನೇರ ಹಿಂದಕ್ಕೆ ಇಳಿಯಿರಿ. ಅಡ್ಡ ಇಳಿಜಾರಿನಲ್ಲಿ ಗಾಡಿ ಜಾರತೊಡಗಿದರೆ ಸ್ಟಿಯರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಬೇಕು. ಮನಸ್ಸು ಒಪ್ಪುವುದಿಲ್ಲ, ಮೇಲಕ್ಕೆ ತಿರುಗಿಸು ಅನ್ನುತ್ತದೆ.

ನಡು ಮಧ್ಯಾಹ್ನ ಹೋಗಬೇಡಿ ಎನ್ನುವುದು ಬರೇ ಸೆಖೆಯ ಮಾತಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಮರಳಿಗೆ ನೆರಳೇ ಇರುವುದಿಲ್ಲ, ಎಲ್ಲವೂ ಒಂದೇ ಬಣ್ಣ. ನಿಮ್ಮ ಎದುರಿನ ಹತ್ತಡಿ ಗುಂಡಿ ಕೂಡ ಸಮತಟ್ಟಾಗಿ ಕಾಣುತ್ತದೆ. ಬೆಳಗ್ಗೆ ಬೇಗ, ಇಲ್ಲವೇ ಸಂಜೆ ನೆರಳು ಉದ್ದ ಬಿದ್ದಾಗ, ಮರಳಿನ ಪ್ರತಿ ಮಡಿಕೆ ಎದ್ದು ಕಾಣುತ್ತದೆ. ಫೋಟೋ ತೆಗೆಯುವವರಿಗೂ ಅದೇ ಹೊತ್ತು ಒಳ್ಳೆಯದು ಮಾರಾಯ್ರೆ, ಇಬ್ಬರಿಗೂ ಲಾಭ.

ಯಾರ್ಡಿನಲ್ಲಿ ದಿನಾ ನಡೆಯುತ್ತಿದ್ದ ಜಗಳ ಮಕ್ಕಳದ್ದು. ಒಮ್ಮೆ ನಮ್ಮ ಕಡೆಯವರೇ ಒಬ್ಬರು ಏಳೆಂಟು ವರ್ಷದ ಮಗನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರು. ಹುಡುಗನ ಬೆನ್ನು ಸೀಟಿಗೆ ತಾಗಿದರೆ ಪಾದ ನೆಲ ಬಿಟ್ಟು ಒಂದು ಗೇಣು ಮೇಲೆ. ಪಾದ ಊರಿದರೆ ಬೆನ್ನು ಸೀಟು ಬಿಟ್ಟು ಮುಂದೆ. ಬೆಲ್ಟ್ ಕುತ್ತಿಗೆಯ ಮೇಲೆ ಬರುತ್ತಿತ್ತು.

"ಅಣ್ಣಾ, ಇವನನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ" ಅಂದೆ.

"ನಾನು ಮಡಿಲಲ್ಲಿ ಕೂರಿಸಿಕೊಳ್ತೇನೆ, ನಿಧಾನ ಹೋಗ್ತೇವೆ" ಅಂದರು.

ಮಡಿಲಲ್ಲಿ ಕೂರಿಸಿಕೊಂಡರೆ ಗಾಡಿ ಗಕ್ಕನೆ ನಿಂತಾಗ ಅಪ್ಪನ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ವಯಸ್ಸು ಕೇಳಿ ತೀರ್ಮಾನಿಸುವುದಕ್ಕಿಂತ ಈ ಪರೀಕ್ಷೆ ಒಳ್ಳೆಯದು: ಬೆನ್ನು ಸೀಟಿಗೆ ಆನಿಸಿ, ಪಾದ ನೆಲಕ್ಕೆ ಊರಿ, ಕೈಗೆ ಹಿಡಿ ಸಿಗಬೇಕು. ಮೂರರಲ್ಲಿ ಒಂದಾದರೂ ತಪ್ಪಿದರೆ ಆ ಮಗು ಇಳಿಯಬೇಕು. ಓಡಿಸುವವರಿಗೆ ಕಂಪನಿಗಳು ಹೇಳುವುದು ಕನಿಷ್ಠ 16 ವರ್ಷ ಮತ್ತು ಲೈಸೆನ್ಸ್. ಅವರು ಆ ದಿನ ಸಿಟ್ಟು ಮಾಡಿಕೊಂಡೇ ಹೋದರು, ಪಕ್ಕದ ಯಾರ್ಡಿಗೆ. ಅಲ್ಲಿ ಕೊಟ್ಟರೋ ಇಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ.

ಬೆಲ್ಟಿನ ಬಗ್ಗೆ ಒಂದು ಕಳ್ಳ ಉಪಾಯ ಇದೆ. ಹೊಸ ಮಾದರಿಗಳಲ್ಲಿ ಓಡಿಸುವವನು ಬೆಲ್ಟ್ ಹಾಕದಿದ್ದರೆ ಗಾಡಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿಗೆ ಬಂದು ಅಲ್ಲೇ ನಿಂತುಬಿಡುತ್ತದೆ, ಹೆಚ್ಚು ಓಡುವುದಿಲ್ಲ. ನಮ್ಮವರು ಏನು ಮಾಡುತ್ತಾರೆ, ಬೆಲ್ಟನ್ನು ಬೆನ್ನಿನ ಹಿಂದೆ ಹಾಯಿಸಿ ಬಕಲ್ ಸಿಕ್ಕಿಸಿ ಅದರ ಮೇಲೆ ಕೂರುತ್ತಾರೆ. ಗಾಡಿಗೆ ಮೋಸ ಮಾಡಿದ ಖುಷಿ. ಬಾಡಿಗೆಗೆ ಕೊಡುವವರೇ ಹಾಗೆ ಸಿಕ್ಕಿಸಿಟ್ಟ ಗಾಡಿಗಳನ್ನೂ ನೋಡಿದ್ದೇನೆ. ಸೀಟಿಗೆ ಕೂರುವ ಮೊದಲು ಬೆಲ್ಟ್ ಪೂರ್ತಿ ಹೊರಗೆಳೆದು ನೋಡಿ, ಮರಳು ಸೇರಿ ಬಕಲ್ ಅರ್ಧಕ್ಕೆ ಸಿಕ್ಕಿಕೊಳ್ಳುವುದೂ ಉಂಟು. ಕ್ಲಿಕ್ ಅಂದ ಮೇಲೆ ಒಮ್ಮೆ ಜಗ್ಗಿ ನೋಡಬೇಕು.

ಹೆಲ್ಮೆಟ್, ಕನ್ನಡಕ, ಶೂ. ಲುಂಗಿ ಬೇಡ, ಶಾಲಿನ ಅಂಚು ಹೊರಗೆ ಹಾರುವುದು ಬೇಡ, ಚಕ್ರ ಪಕ್ಕದಲ್ಲೇ ತಿರುಗುತ್ತಿರುತ್ತದೆ. ಹವಾಯಿ ಚಪ್ಪಲಿ ಬ್ರೇಕ್ ಪೆಡಲಿನ ಅಡಿಗೆ ಮಡಚಿಕೊಳ್ಳುತ್ತದೆ. ಟೈರಿನ ಗಾಳಿ ಗಾಡಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಇರುವಷ್ಟೇ. ಪೆಟ್ರೋಲ್ ಬಂಕಿನ ಹುಡುಗ ಕಾರಿನ ಲೆಕ್ಕದಲ್ಲಿ 30 ಪಿಎಸ್‌ಐ ತುಂಬಿಸಿದರೆ ಗಾಡಿ ಕುಣಿಯುತ್ತದೆ.

ಇನ್ನು ತೋಟಕ್ಕೆ ತರುವವರಿಗೆ. ಹಿಂದೆ ಸಾಮಾನು ಹಾಕುವ ಡಬ್ಬ ಇರುವ ಮಾದರಿಗಳು ಗೊಬ್ಬರ, ಅಡಕೆ ಗೋಣಿ ಸಾಗಿಸಲು ನಿಜಕ್ಕೂ ಉಪಕಾರ. ಆದರೆ ಗೋಣಿಯ ಮೇಲೆ ಗೋಣಿ ಪೇರಿಸಿದಷ್ಟೂ ಭಾರ ಮೇಲೆ ಹೋಗುತ್ತದೆ, ಮೊದಲು ಹೇಳಿದ ಮಗುಚುವ ಲೆಕ್ಕ ಇನ್ನಷ್ಟು ಕೆಡುತ್ತದೆ. ಗೋಣಿಯ ಮೇಲೆ ಕೆಲಸದವರನ್ನು ಕೂರಿಸಲೇಬಾರದು, ಅವರಿಗೆ ಬೆಲ್ಟೂ ಇಲ್ಲ, ಕೇಜೂ ಇಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಸಮಯದಲ್ಲಿ ಬೋರ್ಡೋ ದ್ರಾವಣದ ಡ್ರಮ್ ಇಡುತ್ತೀರಿ ಎಂದುಕೊಳ್ಳಿ. ಇನ್ನೂರು ಲೀಟರಿನ ಡ್ರಮ್ಮು ತುಂಬಿದ್ದರೆ ಇನ್ನೂರು ಕೆ.ಜಿ. ದಾಟಿತು. ಅರ್ಧ ತುಂಬಿದ್ದರೆ ಹಗುರ ಅಲ್ಲವೇ, ಕಡಿಮೆ ಅಪಾಯ ಅನ್ನಿಸುತ್ತದೆ. ಅರ್ಧ ತುಂಬಿದ್ದು ತುಳುಕುತ್ತದೆ. ಗಾಡಿ ಯಾವ ಕಡೆಗೆ ವಾಲಿತೋ ನೀರೂ ಅದೇ ಕಡೆಗೆ ಓಡುತ್ತದೆ, ವಾಲಿದ್ದನ್ನು ಪೂರ್ತಿ ಕೆಡವಲು ಸಹಾಯ ಮಾಡುತ್ತದೆ. ಗುಡ್ಡೆಯ ತೋಟಕ್ಕೆ ಸಣ್ಣ ಕ್ಯಾನುಗಳಲ್ಲಿ ತುಂಬಿ, ಕಟ್ಟಿ ಒಯ್ಯುವುದು ವಾಸಿ. ರಬ್ಬರಿನ ಗುಡ್ಡೆಯಲ್ಲಿ ಪ್ಲಾಟ್‌ಫಾರ್ಮ್ ಕಡಿದಿರುತ್ತಾರೆ, ಗಾಡಿ ಹೋಗುವಷ್ಟು ಅಗಲ ಕಂಡರೂ ಅದರ ಹೊರ ಅಂಚು ತುಂಬಿಸಿದ ಮಣ್ಣು. ಮಳೆಗಾಲದಲ್ಲಿ ನಡೆಯುವವನ ಭಾರ ತಡೆದದ್ದು ಗಾಡಿಯ ಭಾರ ತಡೆಯಬೇಕೆಂದಿಲ್ಲ.

ಇಳಿಜಾರಿಗೆ ಸಂಬಂಧಿಸಿ ಮೆಕ್ಯಾನಿಕ್ ಆಗಿ ಒಂದು ಮಾತು. ಇದರಲ್ಲಿ ಹೆಚ್ಚಿನವಕ್ಕೆ ಜೀಪಿನ ಹಾಗೆ ಗಿಯರ್ ಬಾಕ್ಸ್ ಇಲ್ಲ, ಸ್ಕೂಟರಿನಲ್ಲಿ ಇರುವಂಥ ಡ್ರೈವ್ ಬೆಲ್ಟ್. ಜೀಪಿನವರು ಮೊದಲ ಗಿಯರಿನಲ್ಲಿ ಇಳಿದು ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಇಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಕೆಲವು ಮಾದರಿಗಳಲ್ಲಿ ಕ್ಲಚ್ ಬಿಟ್ಟುಕೊಂಡು ಗಾಡಿ ಸುಮ್ಮನೆ ಉರುಳತೊಡಗುತ್ತದೆ. ಲೋ ರೇಂಜಿಗೆ, ಅಂದರೆ ನಿಧಾನಕ್ಕೆ ಹೆಚ್ಚು ಎಳೆಯುವ ಗಿಯರಿಗೆ ಹಾಕಿ, ಆಕ್ಸಿಲರೇಟರಿನ ಮೇಲೆ ಕಾಲು ಹಗುರವಾಗಿ ಇಟ್ಟು ಇಳಿಯಬೇಕು. ಹತ್ತುವಾಗಲೂ ಲೋ ರೇಂಜೇ. ಹೈಯಲ್ಲಿ ಎಳೆದರೆ ಡ್ರೈವ್ ಬೆಲ್ಟ್ ಬಿಸಿಯಾಗಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಏರಿನ ನಡುವೆ ತುಂಡಾದರೆ ಬ್ರೇಕ್ ಒಂದೇ ಗತಿ. ತೋಡು ದಾಟಿದ ಮೇಲೆ ಡ್ರೈವ್ ಬೆಲ್ಟೂ ಬ್ರೇಕೂ ಎರಡೂ ಒದ್ದೆ. ಬ್ರೇಕನ್ನು ಮೆಲ್ಲ ಒತ್ತಿ ಒತ್ತಿ ಒಣಗಿಸಿಕೊಂಡು ಮುಂದೆ ಹೋಗಿ.

ಎಲ್ಲ ಮಾಡಿಯೂ ಮಗುಚಿತು ಎಂದಿಟ್ಟುಕೊಳ್ಳಿ. ಉರುಳುವುದು ನಿಲ್ಲುವ ತನಕ ಹಿಡಿ ಬಿಡಬೇಡಿ. ನಿಂತ ಮೇಲೆ ಮೊದಲು ಕೀ ಆಫ್, ಪೆಟ್ರೋಲ್ ಸೋರುತ್ತಿರುತ್ತದೆ, ಸೈಲೆನ್ಸರ್ ಕೆಂಡದ ಹಾಗಿರುತ್ತದೆ, ನಮ್ಮಲ್ಲಾದರೆ ಸುತ್ತ ಒಣ ಹುಲ್ಲು. ತಲೆಕೆಳಗಾಗಿದ್ದರೆ ಆತುರದಲ್ಲಿ ಬೆಲ್ಟ್ ಬಿಚ್ಚಬೇಡಿ. ಬಿಚ್ಚಿದ ಕೂಡಲೇ ಇಡೀ ಮೈ ಕುತ್ತಿಗೆಯ ಮೇಲೆ ಬೀಳುತ್ತದೆ. ಒಂದು ಕೈಯನ್ನು ಗಾಡಿಯ ಮಾಡಿಗೆ (ಛಾವಣಿಗೆ) ಗಟ್ಟಿಯಾಗಿ ಊರಿ, ಇನ್ನೊಂದರಲ್ಲಿ ಬಿಚ್ಚಿ. ಹೊರಗಿನಿಂದ ಬಂದವರು ಕುತ್ತಿಗೆ ನೋವು ಎನ್ನುವವರ ಹೆಲ್ಮೆಟ್ ಎಳೆದು ತೆಗೆಯಬಾರದು, ಎತ್ತಿ ಜೀಪಿಗೆ ಹಾಕಿಕೊಂಡು ಓಡಲೂಬಾರದು, 108ಕ್ಕೆ ಫೋನ್ ಮಾಡಬೇಕು. ರಾಣಿಪುರದ ಕಡೆಯ ಗುಡ್ಡೆಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ನೂರು ಕಿಲೋಮೀಟರ್ ಮೇಲಿದೆ. ಹೊರಡುವ ಮೊದಲು ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಿ. ಒಂದೇ ಗಾಡಿಯಲ್ಲಿ ಒಬ್ಬರೇ ಹೋಗುವುದಂತೂ ಬೇಡ.

ಕಾನೂನಿನ ವಿಷಯ ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ತೋಟದಿಂದ ತೋಟಕ್ಕೆ ಪಂಚಾಯತ್ ರಸ್ತೆ ದಾಟುವುದೂ ರಸ್ತೆಯೇ. ಪ್ರಾಯಕ್ಕೆ ಬಾರದ ಹುಡುಗರ ಕೈಗೆ ಕೊಟ್ಟು ರಸ್ತೆಯಲ್ಲಿ ಸಿಕ್ಕಿಬಿದ್ದರೆ 199ಎ ಕಲಮು ಇದೆ, 2019ರಲ್ಲಿ ಸೇರಿಸಿದ್ದು. ಅಪ್ಪನಿಗೆ ಇಲ್ಲವೇ ಗಾಡಿಯ ಮಾಲಕನಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು, ಕೇಜ್ ಹಾಳಾಗಿದ್ದರೆ ಇಲ್ಲೇ ವೆಲ್ಡ್ ಮಾಡಿಸಬಹುದೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಮೊದಲು ಚಾಸಿ ನಂಬರ್ ಹಿಡಿದು ಕಂಪನಿ ಆ ಮಾದರಿಯನ್ನು ವಾಪಸ್ ಕರೆದಿತ್ತೇ ಎಂದು ನೋಡಿ. 2016ರಲ್ಲಿ ಪೊಲಾರಿಸ್ ಕಂಪನಿ ಬೆಂಕಿಯ ಅಪಾಯದ ಕಾರಣಕ್ಕೆ ಸುಮಾರು 1,33,000 ಆರ್‌ಝಡ್‌ಆರ್ ಮಾದರಿಯ ಬಗ್ಗಿಗಳನ್ನು ವಾಪಸ್ ಕರೆದು ಸರಿಮಾಡಿಕೊಡಬೇಕಾಯಿತು. ಅಂಥ ಗಾಡಿ ರಿಪೇರಿ ಆಗದೆ ನಾಲ್ಕು ಕೈ ದಾಟಿ ನಿಮ್ಮಲ್ಲಿಗೆ ಬರಬಾರದೆಂದಿಲ್ಲ. ಆಮೇಲೆ ಕೇಜಿನ ಪೈಪುಗಳ ಮೇಲೆ ಕೈ ಆಡಿಸಿ. ಹೊಸ ಬಣ್ಣದ ಅಡಿಯಲ್ಲಿ ತಗ್ಗು, ಸುಕ್ಕು, ಹೆಚ್ಚುವರಿ ವೆಲ್ಡ್ ಕೈಗೆ ಸಿಕ್ಕಿದರೆ ಅದು ಮಗುಚಿದ ಗಾಡಿ. ಬೋಲ್ಟ್ ಹಾಕಿದ ಜಾಗದಲ್ಲಿ ತೂತು ಉದ್ದವಾಗಿದೆಯೇ ನೋಡಿ. ಬಗ್ಗಿದ ಕೇಜನ್ನು ಬಿಸಿಮಾಡಿ ನೇರ ಮಾಡಿಸುವ ಕೆಲಸ ನಾನು ಮಾಡುವುದಿಲ್ಲ, ಯಾರಾದರೂ ಮಾಡಿಕೊಡುತ್ತೇನೆ ಎಂದರೂ ಮಾಡಿಸಬೇಡಿ. ಒಮ್ಮೆ ಬಗ್ಗಿದ ಪೈಪು ಎರಡನೇ ಸಲ ಅಲ್ಲೇ ಮಡಚುತ್ತದೆ. ನೀರಿನ ಜಿಐ ಪೈಪಿನಿಂದ ಮಾಡಿದ ಕೇಜ್ ನೋಡಲು ಮಾತ್ರ ಕೇಜ್. ಕಂಪನಿಯದ್ದೇ ಹೊಸದು ತರಿಸಿ ಕೂರಿಸಬೇಕು, ಖರ್ಚಾಗುತ್ತದೆ. ಮಗುಚಿದ ಗಾಡಿಯಾದರೆ ಅದರ ಜೊತೆ ಎರಡೂ ಸೀಟ್ ಬೆಲ್ಟ್ ಬದಲಿಸಿ, ಒಮ್ಮೆ ಭಾರ ತಡೆದ ಬೆಲ್ಟಿನ ನೂಲು ಒಳಗೇ ಹಿಗ್ಗಿರುತ್ತದೆ. ಈ ಎರಡರ ಖರ್ಚು ಸೇರಿಸಿದ ಮೇಲೂ ರೇಟು ಹೊಂದಿದರೆ ತೆಗೆದುಕೊಳ್ಳಿ.